ಒಗಟೋ, ಲಾಟರಿಯೋ? – ನಾಯಿಯ ತಿಂಡಿ ಆಟಿಕೆಗಳ ವಿನ್ಯಾಸವನ್ನು ಕುರಿತು

ಮೈಸೂರಿನಲ್ಲಿ ಸಾಕುಪ್ರಾಣಿಗಳ ಸಾಮಗ್ರಿ ಮಾರುವ ಅಂಗಡಿಗಳಲ್ಲಿ ಈಗ ನಾಯಿಗಳಿಗೆಂದೇ ತಯಾರಾದ ‘ಒಗಟಿನ ಆಟಿಕೆ’ಗಳು ದೊರೆಯುತ್ತವೆ. ಟೊಳ್ಳಾದ ಒಂದು ಚೆಂಡು, ಅದಕ್ಕೊಂದು ರಂಧ್ರ, ಒಳಗೆ ತಿಂಡಿಯ ತುಣುಕುಗಳು. ನಾಯಿ ಮೂತಿಯಿಂದ ಉರುಳಿಸಿದಾಗ ಆಗೊಂದು ಈಗೊಂದು ತುಣುಕು ಹೊರಬೀಳುತ್ತದೆ. ಇದು ನಾಯಿಯ ಬುದ್ಧಿಯನ್ನು ಚುರುಕುಗೊಳಿಸುತ್ತದೆ ಎಂಬ ಭರವಸೆಯೂ ಪೊಟ್ಟಣದ ಮೇಲಿರುತ್ತದೆ. ಶಾಲಾ ಕಾಲೇಜುಗಳ ವಿಜ್ಞಾನ ವಸ್ತುಪ್ರದರ್ಶನಗಳಲ್ಲೂ ಇಂಥ ಮಾದರಿಗಳು ಕಾಣಿಸಿಕೊಳ್ಳುತ್ತಿವೆ. ಸಾಹಿತ್ಯ ಕೃತಿಗೆ ವಿಮರ್ಶೆಯಿದೆ, ಚಲನಚಿತ್ರಕ್ಕೂ ಇದೆ. ದಿನಬಳಕೆಯ ಸಾಧನಗಳಿಗೆ ಮಾತ್ರ ಜಾಹೀರಾತೊಂದೇ ಗತಿ. ಆದ್ದರಿಂದ ಈ ಆಟಿಕೆಯನ್ನು ಒಂದು ಭೌತಿಕ ಸಾಧನವೆಂದು ಪರಿಗಣಿಸಿ ಅದರ ಗುಣದೋಷಗಳನ್ನು ಇಲ್ಲಿ ಪರಿಶೀಲಿಸಲಾಗಿದೆ.

ಇದರ ಚರಿತ್ರೆ ದೀರ್ಘವೇನಲ್ಲ. ಅಮೆರಿಕದ ಕೊಲರಾಡೊದ ಜೋ ಮಾರ್ಕಮ್ ಎಂಬಾತನ ಜರ್ಮನ್ ಶೆಫರ್ಡ್ ನಾಯಿಗೆ ಕಲ್ಲು ಕಡಿಯುವ ಚಟವಿತ್ತು. ವಾಹನ ದುರಸ್ತಿ ಮಾಡುತ್ತಿದ್ದ ಆತ ಎಸೆದ ಫೋಕ್ಸ್‌ವ್ಯಾಗನ್ ವ್ಯಾನಿನ ರಬ್ಬರ್ ಬಿಡಿಭಾಗವೊಂದನ್ನು ಅದು ಕಲ್ಲು ಬಿಟ್ಟು ಕಚ್ಚತೊಡಗಿತು. 1976ರಲ್ಲಿ ಶುರುವಾದ ‘ಕಾಂಗ್’ ಎಂಬ ಟೊಳ್ಳು ರಬ್ಬರ್ ಆಟಿಕೆಯ ಮೂಲ ಇದು. 1990ರ ದಶಕದ ಆರಂಭದಲ್ಲಿ ಸ್ವೀಡನ್ನಿನ ನೀನಾ ಒಟೊಸನ್ ಮರದ ಹಲಗೆಯಲ್ಲಿ ಗುಳಿಗಳನ್ನು ಮಾಡಿ, ಮೇಲೆ ಸರಿಸಬಹುದಾದ ಮುಚ್ಚಳಗಳನ್ನಿಟ್ಟರು. ಉಳಿದುವೆಲ್ಲ ಬಹುಮಟ್ಟಿಗೆ ಈ ಎರಡರ ಮತ್ತು ಉರುಳುವ ಚೆಂಡಿನ ರೂಪಾಂತರಗಳು.

ಮೊದಲು ಚೆಂಡನ್ನೇ ತೆಗೆದುಕೊಳ್ಳೋಣ. ನೋಡಲು ಇದರಷ್ಟು ಸರಳವಾದುದು ಇನ್ನೊಂದಿಲ್ಲ. ಆದರೆ ಒಂದು ರಂಧ್ರದಿಂದ ಕಾಳು ಹೇಗೆ ಹರಿಯುತ್ತದೆ ಎಂಬುದು ಇಂದಿಗೂ ಭೌತವಿಜ್ಞಾನಿಗಳನ್ನು ಕಾಡುತ್ತಿರುವ ಪ್ರಶ್ನೆ. ತೊಟ್ಟಿಯ ತಳದಲ್ಲಿ ರಂಧ್ರ ಮಾಡಿದರೆ ನೀರಿನ ಮಟ್ಟ ಇಳಿದಂತೆ ಹರಿವೂ ನಿಧಾನವಾಗುತ್ತದೆ. ಕಾಳಿನ ಕಣಜದಲ್ಲಿ ಹಾಗಾಗುವುದಿಲ್ಲ. ಕಾಳಿನ ಭಾರದ ಬಹುಪಾಲನ್ನು ಘರ್ಷಣೆಯ ಮೂಲಕ ಗೋಡೆಗಳೇ ಹೊರುವುದರಿಂದ, ಒಂದು ಎತ್ತರದ ನಂತರ ತಳದ ಮೇಲಿನ ಒತ್ತಡ ಹೆಚ್ಚುವುದಿಲ್ಲವೆಂದು ಜರ್ಮನಿಯ ಯಾನ್ಸನ್ 1895ರಲ್ಲಿಯೇ ತೋರಿಸಿದ. ಮರಳು ಗಡಿಯಾರದಲ್ಲಿ ನೀರಿನ ಬದಲು ಮರಳು ಹಾಕುವುದರ ಅನುಕೂಲವೂ ಈ ಸಮಹರಿವೇ. ಹರಿವಿನ ಪ್ರಮಾಣವನ್ನು ನಿರ್ಧರಿಸುವುದು ರಂಧ್ರದ ವ್ಯಾಸ ಮತ್ತು ಕಾಳಿನ ವ್ಯಾಸ; 1961ರಲ್ಲಿ ಬೆವರ್ಲೂ ಮತ್ತು ಸಂಗಡಿಗರು ಇದಕ್ಕೊಂದು ಸೂತ್ರ ಕೊಟ್ಟರು.

ನಮಗೆ ಇಲ್ಲಿ ಮುಖ್ಯವಾದುದು ಈ ಎರಡು ವ್ಯಾಸಗಳ ಅನುಪಾತ. ಗುಂಡನೆಯ ಕಣಗಳಿಗೆ ಈ ಅನುಪಾತ ಸುಮಾರು 5ನ್ನು ಮೀರಿದರೆ ಹರಿವು ಸರಾಗ. ಅದಕ್ಕಿಂತ ಕಡಿಮೆಯಾದರೆ ರಂಧ್ರದ ಬಾಯಿಯಲ್ಲಿ ಕೆಲವೇ ಕಣಗಳು ಒಂದಕ್ಕೊಂದು ಆತುಕೊಂಡು ಕಮಾನು ಕಟ್ಟುತ್ತವೆ, ಹರಿವು ನಿಲ್ಲುತ್ತದೆ. ಹಿಟ್ಟಿನ ಗಿರಣಿಯವನು ಕಾಳು ಸುರಿಯುವ ಡಬ್ಬಿಯನ್ನು ಆಗಾಗ ತಟ್ಟುವುದು ಇಂಥ ಕಮಾನನ್ನು ಒಡೆಯಲೆಂದೇ. ನಮ್ಮ ಕೂರಿಗೆಯಲ್ಲಿ ರಾಗಿ ಕಾಳಿಗಿಂತ ಬಟ್ಟಲಿನ ರಂಧ್ರ ಎಷ್ಟೋ ಪಟ್ಟು ದೊಡ್ಡದು. ಆದ್ದರಿಂದ ಅಲ್ಲಿ ಕಮಾನಿನ ಕಾಟವಿಲ್ಲ, ಬೀಜದ ಅಳತೆಯನ್ನು ಬಿತ್ತುವವರ ಕೈಯೇ ನೋಡಿಕೊಳ್ಳುತ್ತದೆ.

ನಾಯಿಯ ಚೆಂಡಿನಲ್ಲಿ ಪರಿಸ್ಥಿತಿ ತಲೆಕೆಳಗು. ತುಣುಕಿನ ವ್ಯಾಸ 1.2 ಸೆಂ.ಮೀ., ರಂಧ್ರದ ವ್ಯಾಸ 2.5 ಸೆಂ.ಮೀ. ಎನ್ನೋಣ. ಅನುಪಾತ ಸುಮಾರು 2. ಹರಿವು ಸರಾಗವಾಗಬೇಕಾದರೆ 6 ಸೆಂ.ಮೀ. ರಂಧ್ರ ಬೇಕು, ಹಾಗೆ ಮಾಡಿದರೆ ಒಂದೇ ಉರುಳಿಗೆ ತಿಂಡಿಯೆಲ್ಲ ನೆಲದ ಪಾಲು. ಅಂದರೆ, ಗಿರಣಿಯವನು ಯಾವ ವಲಯವನ್ನು ತಪ್ಪಿಸಬೇಕೆಂದು ಹೆಣಗುತ್ತಾನೋ ಆಟಿಕೆ ಅದೇ ವಲಯದಲ್ಲಿ ಕೆಲಸ ಮಾಡಬೇಕು. ಕಮಾನು ಕಟ್ಟಬೇಕು, ಮೂತಿಯ ಒಂದು ತಳ್ಳಿಗೆ ಒಡೆಯಬೇಕು, ಒಂದೆರಡು ತುಣುಕು ಬಿದ್ದೊಡನೆ ಮತ್ತೆ ಕಟ್ಟಬೇಕು. ಇದನ್ನು ಮೊದಲು ಕಂಡುಕೊಂಡವರು ಲೆಕ್ಕ ಮಾಡಿ ಕಂಡರೋ ಕಡಿದು ಕೊರೆದು ಕಂಡರೋ, ಉಪಾಯವಂತೂ ಮೆಚ್ಚತಕ್ಕದ್ದು.

ಆದರೆ ಈ ಉಪಾಯ ಕಾರ್ಖಾನೆಯಲ್ಲಿ ತಯಾರಾದ, ಒಂದೇ ಅಳತೆಯ, ಒಣಗಿದ ಗುಂಡು ಆಹಾರಕ್ಕೆ ಹೊಂದಿಸಿದ್ದು. ನಮ್ಮ ಮನೆಗಳಲ್ಲಿ ಚೆಂಡಿನೊಳಗೆ ಹೋಗುವುದು ಮುರಿದ ಬಿಸ್ಕತ್ತು. ಅದರ ಚೂರುಗಳು ಚಪ್ಪಟೆ, ಅಂಚು ಚೂಪು. ಜೊತೆಗೆ ಪುಡಿಯೂ ಇರುತ್ತದೆ. ಸಕ್ಕರೆಯ ಬಿಸ್ಕತ್ತು ಮಳೆಗಾಲದ ತೇವವನ್ನು ಹೀರಿ ಮೆತ್ತಗಾದ ಮೇಲೆ ಚೂರುಗಳು ಒಂದಕ್ಕೊಂದು ಅಂಟುತ್ತವೆ. ಆಗ ಕಟ್ಟುವ ಕಮಾನು ಮೂತಿಯ ತಳ್ಳಿಗೆ ಜಗ್ಗುವುದಿಲ್ಲ. ವಾಸನೆ ಬರುತ್ತಿದೆ, ತಿಂಡಿ ಬರುತ್ತಿಲ್ಲ; ನಾಯಿ ಮಾಡುವುದು ಒಂದೇ ಕೆಲಸ, ಚೆಂಡನ್ನೇ ಕಡಿದು ಹಾಕುವುದು. ‘ನಮ್ಮ ನಾಯಿಗೆ ಇದೆಲ್ಲ ತಿಳಿಯುವುದಿಲ್ಲ’ ಎಂದು ಮನೆಯವರು ತೀರ್ಮಾನಿಸುತ್ತಾರೆ. ವಾಸ್ತವವಾಗಿ ತಿಳಿಯದಿದ್ದದ್ದು ವಿನ್ಯಾಸಕಾರನಿಗೆ. ರಾಗಿ ಹಿಟ್ಟನ್ನು ನೀರಿನಲ್ಲಿ ಕಲಸಿ, 1 ಸೆಂ.ಮೀ. ಗುಂಡುಗಳಾಗಿ ಉಂಡೆ ಕಟ್ಟಿ, ಗರಿಯಾಗುವಂತೆ ಸುಟ್ಟು ಒಣಗಿಸಿಟ್ಟರೆ ಈ ತೊಂದರೆ ಬಹಳಷ್ಟು ತಪ್ಪುತ್ತದೆ. ಚಾಕೊಲೇಟು, ದ್ರಾಕ್ಷಿ, ಈರುಳ್ಳಿ, ಕ್ಸೈಲಿಟಾಲ್ ಇರುವ ಸಿಹಿ ಇವು ನಾಯಿಗೆ ವಿಷ ಎಂಬುದನ್ನೂ ಇಲ್ಲಿಯೇ ಹೇಳಿಬಿಡುವುದು ಒಳ್ಳೆಯದು.

ತಿಂಡಿಯ ಪ್ರಮಾಣದ ಬಗ್ಗೆಯೂ ಒಂದು ಮಾತು. 15 ಕಿ.ಗ್ರಾಂ ತೂಕದ ನಾಯಿಗೆ ದಿನಕ್ಕೆ ಸುಮಾರು 850 ಕಿಲೊಕ್ಯಾಲರಿ ಸಾಕು. 50 ಗ್ರಾಂ ಬಿಸ್ಕತ್ತೆಂದರೆ ಅದರ ನಾಲ್ಕನೆಯ ಒಂದು ಭಾಗ. ಆಟಿಕೆಗೆ ಹಾಕಿದ್ದನ್ನು ತಟ್ಟೆಯಿಂದ ಕಳೆಯದಿದ್ದರೆ ಬೊಜ್ಜು ಖಂಡಿತ.

ಇನ್ನು ‘ಒಗಟು’ ಎಂಬ ಹೆಸರಿನ ವಿಚಾರ. 1898ರಲ್ಲಿ ಥಾರ್ನ್‌ಡೈಕ್ ಬೆಕ್ಕು, ನಾಯಿಗಳನ್ನು ಪೆಟ್ಟಿಗೆಯೊಳಗಿಟ್ಟು, ಅಗುಳಿ ತೆರೆದು ಹೊರಬರಲು ಅವು ಎಷ್ಟು ಹೊತ್ತು ತೆಗೆದುಕೊಳ್ಳುತ್ತವೆ ಎಂದು ಅಳೆದ. ಸರದಿಗಳು ಮುಂದುವರಿದಂತೆ ಕಾಲ ಇಳಿಯಿತು. ಕಲಿಕೆಯ ಗುರುತು ಇಳಿಯುವ ಈ ರೇಖೆ. ಉರುಳುವ ಚೆಂಡಿನಲ್ಲಿ ಉರುಳಿಸಬೇಕೆಂಬುದನ್ನು ನಾಯಿ ಮೊದಲ ಒಂದೆರಡು ದಿನಗಳಲ್ಲಿ ಕಲಿತುಬಿಡುತ್ತದೆ. ಆಮೇಲೆ ತುಣುಕು ಯಾವಾಗ ಬೀಳುತ್ತದೆ ಎಂಬುದನ್ನು ನಿರ್ಧರಿಸುವುದು ನಾಯಿಯಲ್ಲ, ಕಮಾನು. ಎಷ್ಟು ಪ್ರಯತ್ನಕ್ಕೆ ಒಂದು ಬಹುಮಾನ ಎಂಬುದು ಗೊತ್ತಿಲ್ಲದಿದ್ದಾಗ ಪ್ರಾಣಿ ಬಿಡದೆ ಪ್ರಯತ್ನಿಸುತ್ತಲೇ ಇರುತ್ತದೆಂದು ಸ್ಕಿನ್ನರ್ ತೋರಿಸಿಕೊಟ್ಟಿದ್ದಾನೆ. ಜೂಜಿನ ಯಂತ್ರದ ಗುಟ್ಟೂ ಇದೇ. ನಾಯಿ ಅರ್ಧ ಗಂಟೆ ಮಗ್ನವಾಗಿ ಚೆಂಡು ಉರುಳಿಸಿದರೆ ಅದು ಯೋಚಿಸುತ್ತಿದೆ ಎಂದು ಹೇಳುವಂತಿಲ್ಲ.

ಇದನ್ನು ಪರೀಕ್ಷಿಸುವುದು ಸುಲಭ. ಪದವಿಪೂರ್ವ ವಿದ್ಯಾರ್ಥಿಗಳು ಮಾಡಬಹುದಾದ ಪ್ರಯೋಗ. ಇಪ್ಪತ್ತು ತುಣುಕು ತುಂಬಿದ ಚೆಂಡನ್ನು ಮುಚ್ಚಳವಿರುವ ದೊಡ್ಡ ಬಕೆಟ್ಟಿನಲ್ಲಿಟ್ಟು ಬಕೆಟ್ಟನ್ನು ಅಡ್ಡಲಾಗಿ ಉರುಳಿಸಿ, ಚೆಂಡಿನ ಎಷ್ಟು ಸುತ್ತಿಗೆ ಒಂದು ತುಣುಕು ಬೀಳುತ್ತದೆಂದು ಸರಾಸರಿ ತೆಗೆಯಿರಿ. ಬಕೆಟ್ಟಿಗೆ ಬುದ್ಧಿಯಿಲ್ಲವಷ್ಟೆ. ನಂತರ ನಾಯಿ ಉರುಳಿಸುವಾಗ ಅದೇ ಎಣಿಕೆಯನ್ನು ಹತ್ತು ದಿನ ಮಾಡಿ. ನಾಯಿಯ ಸರಾಸರಿ ಬಕೆಟ್ಟಿನದಕ್ಕಿಂತ ಗಣನೀಯವಾಗಿ ಕಡಿಮೆಯಾಗುತ್ತ ಹೋದರೆ ಅದು ಒಗಟು. ಎರಡೂ ಒಂದೇ ಆಗಿ ಉಳಿದರೆ ಲಾಟರಿ.

ಸರಿಸುವ ಮುಚ್ಚಳಗಳ ಹಲಗೆ ನಿಜವಾದ ಒಗಟು. ಅದರ ದೋಷ ತದ್ವಿರುದ್ಧ. ಒಮ್ಮೆ ಬಿಡಿಸಲು ಬಂದರೆ ಒಂದು ನಿಮಿಷದಲ್ಲಿ ತಿಂಡಿ ಖಾಲಿ. ಕಲಿಯಬಹುದಾದದ್ದು ಬೇಗ ಮುಗಿಯುತ್ತದೆ, ಮುಗಿಯದಿರುವುದರಲ್ಲಿ ಕಲಿಯುವಂಥದು ಏನೂ ಇಲ್ಲ. ಈ ಇಕ್ಕಟ್ಟನ್ನು ಬಗೆಹರಿಸಿದ ಆಟಿಕೆಯನ್ನು ನಾನಿನ್ನೂ ಕಂಡಿಲ್ಲ. ಇಂಥ ಸಾಧನಗಳ ಕಲ್ಪನೆಗೆ ಮೃಗಾಲಯಗಳೂ ಕಾರಣ. 1970ರ ದಶಕದಲ್ಲಿ ಅಮೆರಿಕದ ಪೋರ್ಟ್‌ಲೆಂಡ್ ಮೃಗಾಲಯದಲ್ಲಿ ಹಾಲ್ ಮಾರ್ಕೊವಿಟ್ಸ್ ಗಿಬ್ಬನ್ ವಾನರಗಳು ಸನ್ನೆ ಎಳೆದು ಆಹಾರ ಪಡೆಯುವ ಏರ್ಪಾಡು ಮಾಡಿದ. ಆದರೆ ವಾನರಕ್ಕೆ ಕೈಯಿದೆ. ನಮ್ಮ ಚಾಮರಾಜೇಂದ್ರ ಮೃಗಾಲಯದಲ್ಲಿ ಚಿಂಪಾಂಜಿಯ ಬೆರಳುಗಳನ್ನು ನೋಡಿದವರಿಗೆ ವ್ಯತ್ಯಾಸ ಹೇಳಬೇಕಾಗಿಲ್ಲ. ನಾಯಿಗಿರುವುದು ಮೂತಿ, ಪಂಜ, ಹಲ್ಲು. ಅದರ ಲೋಕ ವಾಸನೆಯ ಲೋಕ. ಅದರ ಕಣ್ಣಿನಲ್ಲಿ ಎರಡೇ ಬಗೆಯ ಶಂಕುಕೋಶಗಳಿರುವುದರಿಂದ ಹಸಿರು ಹುಲ್ಲಿನ ಮೇಲಿನ ಕೆಂಪು ಚೆಂಡು ಅದಕ್ಕೆ ಎದ್ದು ಕಾಣುವುದಿಲ್ಲ. ಕೆಂಪು ಬಣ್ಣ ದುಡ್ಡು ಕೊಡುವವರ ಕಣ್ಣಿಗೆ.

ಪ್ರಾಣಿಗಳು ಪುಕ್ಕಟೆ ಊಟಕ್ಕಿಂತ ದುಡಿದು ಉಣ್ಣುವುದನ್ನೇ ಇಷ್ಟಪಡುತ್ತವೆ ಎಂಬ ವಾದವೂ ಉಂಟು. 1963ರಲ್ಲಿ ಜೆನ್ಸನ್ ಇಲಿಗಳ ಮೇಲೆ ಮಾಡಿದ ಪ್ರಯೋಗ ಇದಕ್ಕೆ ಆಧಾರ: ಬಟ್ಟಲಿನಲ್ಲಿ ಆಹಾರವಿದ್ದರೂ ಅವು ಸನ್ನೆ ಒತ್ತಿ ಆಹಾರ ಪಡೆದವು. ನಾಯಿಯ ವಿಷಯದಲ್ಲಿ ಹಾಗಿಲ್ಲ. ಸಾಕುನಾಯಿಗಳ ಮುಂದೆ ತಟ್ಟೆ ಮತ್ತು ಆಟಿಕೆ ಎರಡನ್ನೂ ಇಟ್ಟು ನೋಡಿದ, 2024ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ ಅವು ದುಡಿಯಲು ಸಿದ್ಧವಿದ್ದವು, ಆದರೆ ದುಡಿಮೆಗೆ ಆದ್ಯತೆ ತೋರಲಿಲ್ಲ.

ಈವರೆಗಿನ ದೋಷಗಳಿಂದ ನಾಯಿಗೆ ಬೇಸರವಷ್ಟೆ. ಮುಂದಿನದು ಪ್ರಾಣಕ್ಕೆ ಎರವಾಗುವಂಥದು. ಒಂದೇ ರಂಧ್ರವಿರುವ ಟೊಳ್ಳು ರಬ್ಬರ್ ಆಟಿಕೆಯನ್ನು ನಾಯಿ ಹಲ್ಲಿನಿಂದ ಅದುಮಿದಾಗ ಗಾಳಿ ಹೊರಹೋಗುತ್ತದೆ. ಆ ಗಳಿಗೆಯಲ್ಲಿ ನಾಲಿಗೆ ರಂಧ್ರವನ್ನು ಮುಚ್ಚಿದ್ದು, ರಬ್ಬರ್ ತನ್ನ ಆಕಾರಕ್ಕೆ ಮರಳಿದರೆ ಒಳಗಿನ ಒತ್ತಡ ಬಾಯ್ಲ್ ನಿಯಮದಂತೆ ಕುಸಿಯುತ್ತದೆ. 2 ಸೆಂ.ಮೀ. ವ್ಯಾಸದ ರಂಧ್ರದ ಕ್ಷೇತ್ರಫಲ 3.14 ಚದರ ಸೆಂ.ಮೀ. ಸಮುದ್ರಮಟ್ಟದಿಂದ ಸುಮಾರು 770 ಮೀಟರ್ ಎತ್ತರದಲ್ಲಿರುವ ಮೈಸೂರಿನಲ್ಲಿ ವಾಯುವಿನ ಒತ್ತಡ ಚದರ ಸೆಂ.ಮೀ.ಗೆ ಸುಮಾರು 9.2 ನ್ಯೂಟನ್. ಅರ್ಧದಷ್ಟು ಗಾಳಿ ಹೊರಹೋಗಿದ್ದರೆ ನಾಲಿಗೆಯನ್ನು ಒಳಕ್ಕೆ ಒತ್ತುವ ಬಲ 14 ನ್ಯೂಟನ್, ಅಂದರೆ ಸುಮಾರು ಒಂದೂವರೆ ಕಿ.ಗ್ರಾಂ ಭಾರ. ರಕ್ತಸಂಚಾರ ತಡೆಯಾಗಿ ನಾಲಿಗೆ ಊದಿಕೊಂಡರೆ ಬಿಡಿಸುವುದು ಇನ್ನೂ ಕಷ್ಟ. ಅಮೆರಿಕದಲ್ಲಿ ಒಂದು ನಾಯಿ ಹೀಗೆ ನಾಲಿಗೆಯನ್ನೇ ಕಳೆದುಕೊಂಡ ಮೇಲೆ, 2008ರಲ್ಲಿ ಅಂಥ ಚೆಂಡುಗಳನ್ನು ಮಾರುಕಟ್ಟೆಯಿಂದ ವಾಪಸು ಪಡೆಯಲಾಯಿತು. ಪರಿಹಾರವೆಂದರೆ ಎದುರು ಬದಿಗೆ ಇನ್ನೊಂದು ಸಣ್ಣ ರಂಧ್ರ. ತಗಲುವ ಖರ್ಚು ಇಲ್ಲವೆನ್ನುವಷ್ಟು. ಕೊಳ್ಳುವವರು ಬೆಲೆ ಕೇಳುವ ಮೊದಲು ಈ ಎರಡನೆಯ ರಂಧ್ರವನ್ನು ಹುಡುಕಬೇಕು.

ಮಕ್ಕಳ ಆಟಿಕೆಗಳಿಗೆ ಭಾರತೀಯ ಮಾನಕ ಬ್ಯೂರೋದ ಗುರುತು 2021ರ ಜನವರಿಯಿಂದ ಕಡ್ಡಾಯವಾಗಿದೆ. ಆದರೆ ಆ ಆದೇಶದ ವ್ಯಾಪ್ತಿ 14 ವರ್ಷದೊಳಗಿನ ಮಕ್ಕಳ ಆಟಿಕೆಗಳು ಮಾತ್ರ. ಮರದ ಹಲಗೆಯನ್ನು ಪಕ್ಕದ ಚನ್ನಪಟ್ಟಣದಲ್ಲೇ ಮಾಡಿಸಬಹುದಲ್ಲ ಎಂದು ಕೇಳುವವರಿದ್ದಾರೆ. ಅಲ್ಲಿಯ ಅರಗಿನ ಬಣ್ಣ ಮಗುವಿನ ಬಾಯಿಗೆ ಒಗ್ಗುವಂಥದು, ನಿಜ. ಆದರೆ ಆಲೆ ಮರ ಚರಕಿಗೆ ಮೆತ್ತಗೆ ಒದಗುತ್ತದೆಂದೇ ಆಯ್ಕೆಯಾದದ್ದು. ನಾಯಿಯ ಹಲ್ಲಿಗೂ ಅದು ಹಾಗೆಯೇ ಒದಗುತ್ತದೆ. ಮನೆಯವರು ಎದುರಿಗಿದ್ದು ಆಡಿಸುವ ಹಲಗೆಗೆ ಆದೀತು, ಕಚ್ಚಲು ಬಿಡುವ ಆಟಿಕೆಗೆ ಆಗದು. ಕಾಂಪೌಂಡಿನಲ್ಲಿ ಸರಪಳಿ ಹಾಕಿದ ನಾಯಿಯ ಮುಂದೆ ಆಟಿಕೆ ಎಸೆದು ಕೆಲಸಕ್ಕೆ ಹೋಗುವವರಿಗಂತೂ ಇವುಗಳಲ್ಲಿ ಯಾವುದನ್ನೂ ನಾನು ಸೂಚಿಸಲಾರೆ.

ವಸ್ತುಪ್ರದರ್ಶನದ ಮಾದರಿಗಳಲ್ಲಿ ನನಗೆ ಹಿಡಿಸಿದ್ದು ಸರಳಿಗೆ ಪೋಣಿಸಿದ ಪ್ಲಾಸ್ಟಿಕ್ ಬಾಟಲಿ. ನಾಯಿ ಬಾಟಲಿಯನ್ನು ತಲೆಕೆಳಗು ಮಾಡಿದರೆ ತಿಂಡಿ ಬೀಳುತ್ತದೆ. ಎಲ್ಲಿ ತೂತು ಕೊರೆಯಬೇಕು ಎಂಬುದನ್ನು ಮಾತ್ರ ಹೆಚ್ಚಿನವರು ಕಣ್ಣಳತೆಗೆ ಬಿಡುತ್ತಾರೆ. ಬಾಟಲಿಯ ತೂಕ 25 ಗ್ರಾಂ, ಅದರ ಗುರುತ್ವಕೇಂದ್ರ ತಳದಿಂದ 13 ಸೆಂ.ಮೀ., ಒಳಗಿನ ತಿಂಡಿ 50 ಗ್ರಾಂ, ಅದರದು 2 ಸೆಂ.ಮೀ. ಎನ್ನಿ. ಒಟ್ಟು ಗುರುತ್ವಕೇಂದ್ರ 5.7 ಸೆಂ.ಮೀ. ಎತ್ತರದಲ್ಲಿ. ಸರಳು 18 ಸೆಂ.ಮೀ. ಎತ್ತರದಲ್ಲಿದ್ದರೆ ಮಗುಚಲು ಸುಮಾರು 0.18 ಜೂಲ್ ಬೇಕು, 10 ಸೆಂ.ಮೀ.ನಲ್ಲಿದ್ದರೆ 0.06 ಜೂಲ್ ಸಾಕು. ಪುಟ್ಟ ಪಾಮೇರಿಯನ್‌ಗೆ ಎರಡನೆಯದು, ಲ್ಯಾಬ್ರಡಾರ್‌ಗೆ ಮೊದಲನೆಯದು. ತಿಂಡಿ ಕಡಿಮೆಯಾದಂತೆ ಗುರುತ್ವಕೇಂದ್ರ ಮೇಲೇರುತ್ತದೆ, 10 ಸೆಂ.ಮೀ. ಸರಳಿನ ಬಾಟಲಿಯಲ್ಲಿ ತಿಂಡಿ ಸುಮಾರು 9 ಗ್ರಾಂಗೆ ಇಳಿದಾಗ ಅದು ಸರಳನ್ನು ದಾಟುತ್ತದೆ. ಆಗ ಬಾಟಲಿ ತಾನಾಗಿ ಮಗುಚಿ ನಿಲ್ಲುತ್ತದೆ. ಕೊನೆಯ ಕೆಲವು ತುಣುಕುಗಳು ನಾಯಿಗೆ ಪುಕ್ಕಟೆ.

ಸಾಮಾನ್ಯ ನೀರಿನ ಬಾಟಲಿಯ ಬಾಯಿ ಸುಮಾರು 2.2 ಸೆಂ.ಮೀ.; 1 ಸೆಂ.ಮೀ. ಉಂಡೆ ಹಾಕಿದರೆ ಮತ್ತೆ ಅದೇ ಕಮಾನು. ಅಗಲ ಬಾಯಿಯ ಬಾಟಲಿ ಬಳಸಿ, ಬಾಯಿಗೆ 2, 3, 4, 5 ಸೆಂ.ಮೀ. ರಂಧ್ರಗಳ ರಟ್ಟಿನ ಬಿಲ್ಲೆಗಳನ್ನು ಒಂದೊಂದಾಗಿ ಕಟ್ಟಿ, ಪ್ರತಿ ಸಲ ಮಗುಚಿದಾಗಲೂ ಎಷ್ಟು ಉಂಡೆ ಬಿದ್ದವೆಂದು ಎಣಿಸಿದರೆ ಅನುಪಾತ 5ರ ಮಾತು ನಿಜವೇ ಎಂದು ತರಗತಿಯಲ್ಲೇ ನೋಡಬಹುದು. ಈ ಎಣಿಕೆ ಮುಗಿಯುವವರೆಗೆ ನಾಯಿಯನ್ನು ಹೊರಗೆ ಕಟ್ಟಿರುವುದು ಲೇಸು, ರಟ್ಟನ್ನೂ ತಿಂದುಬಿಡುತ್ತದೆ.