ಅಂಕಿಗೆ ಕೊಡುವ ಮದ್ದು

ಹೆಲ್ತ್ ಚೆಕಪ್ ಪ್ಯಾಕೇಜಿನ ವರದಿಯಲ್ಲಿ ವಿಟಮಿನ್ ಡಿ 22 ಎಂದು ಬಂದು, ಪಕ್ಕದಲ್ಲೇ ದಪ್ಪಕ್ಷರದಲ್ಲಿ ‘ಸಾಲದು’ ಎಂದಿದ್ದರೆ ಸಾಕು, ಬೆಂಗಳೂರಿನ ಮಧ್ಯಮವರ್ಗದ ಮನೆಗೆ ಮರುದಿನವೇ 60,000 ಯೂನಿಟ್ಟಿನ ಪುಡಿ ಪ್ಯಾಕೆಟ್ ಬಂದಿರುತ್ತದೆ. ಮೈಕೈ ನೋವು, ಸುಸ್ತು, ಕೂದಲುದುರು, ಮಂಕು ಎಲ್ಲಕ್ಕೂ ಅದೇ ಕಾರಣ, ಅದೇ ಔಷಧ. ಈ ರೂಢಿಗೆ ನನ್ನ ತಕರಾರಿದೆ.

ಕೊರತೆಯೇ ಸುಳ್ಳೆಂದಲ್ಲ. ಡಿ ತೀರಾ ಕಡಿಮೆಯಾದರೆ ಕರುಳು ಕ್ಯಾಲ್ಸಿಯಂ ಸರಿಯಾಗಿ ಹೀರಿಕೊಳ್ಳದು. ದಿನಾ ರಾಗಿಮುದ್ದೆ ಉಂಡರೂ ಮೂಳೆಗೆ ಉಪವಾಸ. ಮಕ್ಕಳ ಕಾಲು ಸೊಟ್ಟಗಾಗುತ್ತದೆ. ದೊಡ್ಡವರಿಗೆ ಸೊಂಟ, ತೊಡೆ ನೋವು. ನೆಲದಿಂದೇಳಲು ಕೈ ಊರಬೇಕು.

ಪ್ರಶ್ನೆ ಇರುವುದು ಗೆರೆ ಎಲ್ಲಿ ಎಳೆಯಬೇಕೆಂಬುದರಲ್ಲಿ. ಮಿಲಿಲೀಟರಿಗೆ 20 ನ್ಯಾನೋಗ್ರಾಂ ಇದ್ದರೆ ಹೆಚ್ಚುಕಡಿಮೆ ಎಲ್ಲರ ಮೂಳೆಗೂ ಸಾಕೆಂದು ಅಮೆರಿಕದ ಇನ್‌ಸ್ಟಿಟ್ಯೂಟ್ ಆಫ್ ಮೆಡಿಸಿನ್ 2010ರಲ್ಲಿ ಹೇಳಿತು. ಮರುವರ್ಷ ಅಲ್ಲಿನದೇ ಎಂಡೋಕ್ರೈನ್ ಸೊಸೈಟಿ 30 ಬೇಕೆಂದಿತು. ಲ್ಯಾಬುಗಳು ಹಿಡಿದುಕೊಂಡದ್ದು ಈ ಎರಡನೆಯದನ್ನು. ಗೆರೆ ಮೇಲೇರಿದಷ್ಟೂ ರೋಗಿಗಳು ಹೆಚ್ಚುತ್ತಾರಲ್ಲ! ಅದೇ ಸೊಸೈಟಿ 2024ರಲ್ಲಿ 30ರ ಪಟ್ಟು ಸಡಿಲಿಸಿ, ಆರೋಗ್ಯವಂತರಿಗೆ ಸುಮ್ಮಸುಮ್ಮನೆ ಈ ಪರೀಕ್ಷೆ ಬೇಡ ಎಂದಿದೆ. ಪ್ಯಾಕೇಜು ಮಾರುವವರಿಗೆ ಆ ಸುದ್ದಿ ಮುಟ್ಟಿದಂತಿಲ್ಲ.

ಡಿ ನುಂಗಿದರೆ ಲಾಭವಿದೆಯೇ ಎಂದು ನೋಡಿದ ಅಮೆರಿಕದ ವೈಟಲ್ ಅಧ್ಯಯನದಲ್ಲಿ 25,871 ಜನರಿದ್ದರು. ಅರ್ಧದಷ್ಟು ಮಂದಿ ಸುಮಾರು ಐದು ವರ್ಷ ದಿನಾ 2,000 ಯೂನಿಟ್ ನುಂಗಿದರೂ ಕ್ಯಾನ್ಸರಾಗಲಿ, ಹೃದಯಾಘಾತವಾಗಲಿ, ಮೂಳೆ ಮುರಿತವಾಗಲಿ ತಗ್ಗಲಿಲ್ಲ. ಅವರಲ್ಲಿ ಬಹುಪಾಲು ಜನಕ್ಕೆ ಕೊರತೆಯೇ ಇರಲಿಲ್ಲ, ನಿಜ. ನಮ್ಮ 22ರವರೂ ಅದೇ ಸಾಲಿನವರು. ಆಸ್ಟ್ರೇಲಿಯಾದಲ್ಲಿ ವಯಸ್ಸಾದ ಹೆಂಗಸರಿಗೆ ವರ್ಷಕ್ಕೊಮ್ಮೆ ಒಟ್ಟಿಗೇ ಐದು ಲಕ್ಷ ಯೂನಿಟ್ ಕೊಟ್ಟಾಗ ಬೀಳುವುದೂ ಮೂಳೆ ಮುರಿಯುವುದೂ ಹೆಚ್ಚಾಯಿತು.

ಬಿಸಿಲಿನ ವಿಷಯದಲ್ಲೂ ನಮ್ಮ ನಂಬಿಕೆ ಅರ್ಧ ಸರಿ. ಎಳೆಬಿಸಿಲು ಹಿತವೇ, ಆದರೆ ಡಿ ತಯಾರಿಸುವ ಕಿರಣ ಅದರಲ್ಲಿ ತೀರಾ ಕಮ್ಮಿ. ನೆರಳು ನಮಗಿಂತ ಗಿಡ್ಡವಾಗುವ ಹೊತ್ತಿನ ಬಿಸಿಲೇ ಬೇಕು. ಕಿಟಕಿ ಗಾಜಿನ ಹಿಂದೆ ಕೂತರೆ ಉಪಯೋಗವಿಲ್ಲ.

ಇಷ್ಟೆಲ್ಲ ಗದ್ದಲದಲ್ಲಿ ನಿಜವಾಗಿ ಬೇಕಾದವರು ಹಿಂದುಳಿಯುತ್ತಾರೆ. ಎದೆಹಾಲಿನಲ್ಲಿ ಡಿ ಅತ್ಯಲ್ಪ. ಮಗುವಿಗೆ ಮೊದಲ ವರ್ಷ ದಿನಾ 400 ಯೂನಿಟ್ ಹನಿ ಹಾಕಬೇಕೆಂದು ಭಾರತದ ಮಕ್ಕಳ ವೈದ್ಯರ ಸಂಘವೇ ಹೇಳುತ್ತದೆ, ರಕ್ತಪರೀಕ್ಷೆಯ ಹಂಗಿಲ್ಲದೆ. ಹಾಸಿಗೆ ಹಿಡಿದ ಮುದುಕರು, ಮೂರ್ಛೆರೋಗಕ್ಕೆ ವರ್ಷಗಟ್ಟಲೆ ಮಾತ್ರೆ ನುಂಗುವವರು, ಬಿಸಿಲೇ ಕಾಣದ ಗಾರ್ಮೆಂಟ್ಸ್ ಹೆಣ್ಣುಮಕ್ಕಳು ಚೆಕಪ್ ಪ್ಯಾಕೇಜು ಕೊಳ್ಳುವವರಲ್ಲ.

ನೀವು ಈಗಾಗಲೇ ಪುಡಿ ಶುರುಮಾಡಿದ್ದರೆ ಎಷ್ಟು ವಾರವೆಂದು ವೈದ್ಯರನ್ನು ಕೇಳಿ ಬರೆಸಿಕೊಳ್ಳಿ. ವಾರಕ್ಕೊಮ್ಮೆ ತೆಗೆದುಕೊಳ್ಳಬೇಕಾದ ಪುಡಿಯನ್ನು ದಿನಾ ತೆಗೆದುಕೊಂಡು, ರಕ್ತದಲ್ಲಿ ಕ್ಯಾಲ್ಸಿಯಂ ಏರಿ, ಕಿಡ್ನಿ ಕೆಡಿಸಿಕೊಂಡು ಆಸ್ಪತ್ರೆ ಸೇರಿದವರಿದ್ದಾರೆ.