ಕಾಶಿಕಣಗಿಲೆಯ ಚರಿತ್ರೆ: ಒಂದು ಪರಾಮರ್ಶೆ

ಕ್ಯಾನ್ಸರ್ ರೋಗಕ್ಕೆ ಸಸ್ಯಗಳಿಂದ ದೊರೆತ ಔಷಧಗಳನ್ನು ಕುರಿತ ಜನಪ್ರಿಯ ಲೇಖನಗಳಲ್ಲಿ ಕಾಶಿಕಣಗಿಲೆಗೆ ಅಗ್ರಸ್ಥಾನವುಂಟು. ನಿತ್ಯಪುಷ್ಪವೆಂದೂ ಕರೆಯಲ್ಪಡುವ, ಹಿತ್ತಲಲ್ಲಿಯೂ ಹಾಳುಗೋಡೆಯ ಬಿರುಕಿನಲ್ಲಿಯೂ ಒಂದೇ ಸಮನೆ ಹೂಬಿಡುವ ಈ ಗಿಡದ ಎಲೆಯಲ್ಲಿ ವಿನ್‌ಬ್ಲಾಸ್ಟಿನ್, ವಿನ್‌ಕ್ರಿಸ್ಟಿನ್ ಎಂಬ ಎರಡು ಆಲ್ಕಲಾಯ್ಡುಗಳು ಇರುವುವೆಂಬುದು ನಿರ್ವಿವಾದ. ಆದರೆ ಅದನ್ನು ಹೇಳುವ ಬಗೆಯಲ್ಲಿ ಚರಿತ್ರೆಗೆ ಅಪಚಾರವಾಗುತ್ತಿದೆಯೆಂಬುದು ನಮ್ಮ ಆಕ್ಷೇಪ. ರಸಾಯನಶಾಸ್ತ್ರ ನಮ್ಮ ಕ್ಷೇತ್ರವಲ್ಲ. ಸಾಕ್ಷ್ಯವನ್ನು ಕೇಳುವುದು ಮಾತ್ರ ನಮ್ಮ ಕಸುಬು.

ನಮ್ಮ ಪೂರ್ವಿಕರು ಈ ಗಿಡದಿಂದ ಅರ್ಬುದವನ್ನು ಗುಣಪಡಿಸುತ್ತಿದ್ದರೆಂಬ ಮಾತು ಮೊದಲನೆಯದು. ಸುಶ್ರುತ ಸಂಹಿತೆಯಲ್ಲಿ ಅರ್ಬುದದ ವರ್ಣನೆ ಇರುವುದು ನಿಜ. ಆದರೆ ಗಿಡ ಮಡಗಾಸ್ಕರ್ ದ್ವೀಪದ್ದು. ಯುರೋಪಿನ ಹಡಗುಗಳ ಕಾಲದಲ್ಲಿ ಉಷ್ಣದೇಶಗಳಿಗೆ ಹರಡಿದ್ದು. ಲಿನೇಯಸ್ ಅದಕ್ಕೆ ವಿಂಕಾ ರೋಸಿಯ ಎಂಬ ಹೆಸರಿಟ್ಟದ್ದು ೧೭೫೯ರಲ್ಲಿ. ಸಂಸ್ಕೃತದ ಹೆಸರೊಂದು ಅಂಟಿಕೊಂಡ ಮಾತ್ರಕ್ಕೆ ವಸ್ತು ಪ್ರಾಚೀನವಾಗದು. ಹಾಗಾದರೆ ಅನಾನಸನ್ನೂ ಋಷಿಗಳ ಆಶ್ರಮದಲ್ಲಿ ನೆಡಬೇಕಾದೀತು! ಒಪ್ಪಿಕೊಳ್ಳಬೇಕು: ಎರಡು ವರ್ಷ ಕಾಲ ನಾವೂ ತರಗತಿಯಲ್ಲಿ ಇದೇ ಮಾತನ್ನು ಹೇಳಿದವರೇ. ತಮ್ಮ ಮನೆಯ ರೋಗಿಗೆ ಈ ಎಲೆಯ ಕಷಾಯ ಕೊಡಬಹುದೆ ಎಂದು ವಿದ್ಯಾರ್ಥಿಯೊಬ್ಬರು ಬಂದು ಕೇಳಿದ ದಿನ ನಮ್ಮ ಟಿಪ್ಪಣಿಯನ್ನು ತೆರೆದು ನೋಡಿದೆವು. ಅದರಲ್ಲಿ ಒಂದು ಆಧಾರವೂ ಇರಲಿಲ್ಲ.

ನಡೆದದ್ದು ಬೇರೆ, ಮತ್ತು ಹೆಚ್ಚು ಸ್ವಾರಸ್ಯವಾದದ್ದು. ೧೯೫೨ರಲ್ಲಿ ಕೆನಡದ ವೈದ್ಯ ಕ್ಲಾರ್ಕ್ ನೋಬಲ್ ಅವರಿಗೆ ಜಮೈಕದಿಂದ ಒಂದು ಲಕೋಟೆ ಬಂದಿತು. ಅದರಲ್ಲಿದ್ದುದು ೨೫ ಎಲೆಗಳು. ಅಲ್ಲಿಯ ಜನ ಅದನ್ನು ಚಹದಂತೆ ಕಾಯಿಸಿ ಕುಡಿಯುತ್ತಿದ್ದುದು ಮಧುಮೇಹಕ್ಕೆ, ಕ್ಯಾನ್ಸರಿಗಲ್ಲ. ಕ್ಲಾರ್ಕರು ಅದನ್ನು ಪಶ್ಚಿಮ ಒಂಟೇರಿಯೊ ವಿಶ್ವವಿದ್ಯಾನಿಲಯದಲ್ಲಿದ್ದ ತಮ್ಮ ಸೋದರ ರಾಬರ್ಟರಿಗೆ ಕಳುಹಿಸಿದರು. ಎಲೆಯ ಸಾರವನ್ನು ಕುಡಿಸಿದರೆ ಇಲಿಗಳ ರಕ್ತದ ಸಕ್ಕರೆ ಇಳಿಯಲಿಲ್ಲ. ಚುಚ್ಚಿ ಕೊಟ್ಟಾಗ ಇಲಿಗಳು ಸೋಂಕು ತಗಲಿ ಸತ್ತುವು. ಪ್ರಯೋಗ ವಿಫಲವಾಯಿತೆಂದು ಕೈತೊಳೆದುಕೊಳ್ಳಬಹುದಾಗಿತ್ತು. ಸೋಂಕು ಏಕೆ ತಗಲಿತೆಂದು ಅವರು ಕೇಳಿದರು. ಬಿಳಿಯ ರಕ್ತಕಣಗಳು ಕುಸಿದಿದ್ದುವು. ಬಿಳಿಯ ಕಣಗಳನ್ನು ಅಳಿಸುವ ವಸ್ತು, ಆ ಕಣಗಳು ಮಿತಿಮೀರಿ ಬೆಳೆಯುವ ರೋಗಕ್ಕೆ ಮದ್ದಾಗಬಾರದೇಕೆ? ೧೯೫೪ರಲ್ಲಿ ಬಂದು ಸೇರಿದ ರಸಾಯನಜ್ಞ ಚಾರ್ಲ್ಸ್ ಬೀರ್ ಆ ವಸ್ತುವನ್ನು ಬೇರ್ಪಡಿಸಿದರು. ೧೯೫೮ರಲ್ಲಿ ಅದು ಪ್ರಕಟವಾಯಿತು. ಅಮೆರಿಕದ ಲಿಲಿ ಸಂಸ್ಥೆಯೂ ಮಧುಮೇಹದ ಜಾನಪದವನ್ನೇ ಹಿಂಬಾಲಿಸಿ ಇದೇ ಗಿಡಕ್ಕೆ ಬಂದಿತ್ತು. ಅಲ್ಲಿಯ ಸ್ವೊಬೋಡ ಮತ್ತವರ ಸಂಗಡಿಗರಿಂದ ವಿನ್‌ಕ್ರಿಸ್ಟಿನ್ ದೊರೆಯಿತು.

ಇದನ್ನು ಬರಿಯ ಆಕಸ್ಮಿಕವೆನ್ನುವವರನ್ನೂ ನಾವು ಒಪ್ಪಲಾರೆವು. ಜಮೈಕದ ಚಹವಿಲ್ಲದಿದ್ದರೆ ಲಕೋಟೆಯಿಲ್ಲ. ಜಾನಪದ ಹೇಳಿದ ಉತ್ತರ ತಪ್ಪಾಗಿತ್ತು; ಅದು ತೋರಿಸಿದ ಗಿಡ ತಪ್ಪಾಗಿರಲಿಲ್ಲ. ಈ ಸೂಕ್ಷ್ಮವನ್ನು ಎರಡು ಪಕ್ಷದವರೂ ಬಿಟ್ಟುಬಿಡುತ್ತಾರೆ.

ಇನ್ನು ಕಷಾಯದ ಮಾತು. ಒಂದು ಗ್ರಾಂ ವಿನ್‌ಕ್ರಿಸ್ಟಿನ್ನಿಗೆ ಸುಮಾರು ೫೦೦ ಕಿಲೋಗ್ರಾಂ ಒಣಗಿದ ಎಲೆ ಬೇಕು. ಆ ಎಲೆಯಲ್ಲಿಯೇ ಇತರ ಅನೇಕ ಆಲ್ಕಲಾಯ್ಡುಗಳು ಬೆರೆತಿರುತ್ತವೆ. ಔಷಧವಾದರೋ ಜೀವಕೋಶ ವಿಭಜನೆಯಾಗುವಾಗ ಕಟ್ಟಿಕೊಳ್ಳುವ ನೂಲಿನಂಥ ರಚನೆಯನ್ನು ಕಟ್ಟಗೊಡದೆ ಕೋಶವನ್ನು ಅರ್ಧದಲ್ಲಿ ನಿಲ್ಲಿಸುವ ವಿಷ. ನರಗಳನ್ನೂ ಅದು ಬಿಡದು. ಅಭಿಧಮನಿಗೆ ಕೊಡತಕ್ಕದ್ದನ್ನು ತಪ್ಪಿ ಬೆನ್ನುಹುರಿಯ ದ್ರವಕ್ಕೆ ಕೊಟ್ಟರೆ ಸಾಮಾನ್ಯವಾಗಿ ಮರಣವೇ. ಮಕ್ಕಳ ರಕ್ತಕ್ಯಾನ್ಸರಿನಲ್ಲಿ ಅದರಿಂದಾದ ಮಹೋಪಕಾರ, ಇತರ ಔಷಧಗಳೊಡನೆ ಅಳೆದು ಕೊಟ್ಟುದರಿಂದ ಆದದ್ದು. ೨೦೧೮ರಲ್ಲಿ ಗಿಡ ವಿನ್‌ಬ್ಲಾಸ್ಟಿನ್ನನ್ನು ಹಂತಹಂತವಾಗಿ ಕಟ್ಟುವ ಕ್ರಮ ಪೂರ್ಣವಾಗಿ ತಿಳಿದುಬಂದಿತು; ೨೦೨೨ರಲ್ಲಿ ಇದರ ಎರಡು ಪೂರ್ವವಸ್ತುಗಳನ್ನು ಯೀಸ್ಟಿನಲ್ಲಿಯೇ ತಯಾರಿಸಿದರು.

ನಮ್ಮ ನೆಲದ್ದೆಂದು ಹೇಳಿಕೊಳ್ಳುವ ಅಪೇಕ್ಷೆಯಿದ್ದರೆ ಪಶ್ಚಿಮಘಟ್ಟದ ನೊಥಪೋಡೈಟಿಸ್ ಮರವುಂಟು. ೧೯೬೬ರಲ್ಲಿ ವಾಲ್ ಮತ್ತು ವಾನಿಯವರು ಚೀನದ ಮರವೊಂದರಲ್ಲಿ ಕಂಡ ಕ್ಯಾಂಪ್ಟೊಥೆಸಿನ್ ಇದರಲ್ಲಿಯೂ ಇದೆಯೆಂದು ೧೯೭೨ರಲ್ಲಿ ಗೋವಿಂದಾಚಾರಿ ಮತ್ತು ವಿಶ್ವನಾಥನ್ ತೋರಿಸಿದರು. ಅದರಿಂದ ಹುಟ್ಟಿದ ಔಷಧಗಳು ೧೯೯೬ರಲ್ಲಿ ಅಮೆರಿಕದಲ್ಲಿ ಮಾನ್ಯವಾದುವು. ಘಟ್ಟದಲ್ಲಿ ಆ ಮರಗಳು ಅಪಾರವಾಗಿ ಕಡಿಯಲ್ಪಟ್ಟುವು. ಈ ಚರಿತ್ರೆಗೆ ದಾಖಲೆಗಳಿವೆ, ಬರೆಯುವವರು ಬೇಕಾಗಿದ್ದಾರೆ.