ಕೊಲೆಗಾರನನ್ನು ಪ್ರೇಕ್ಷಕರೇ ಆರಿಸುವ ನಾಟಕ

ರೂಪರ್ಟ್ ಹೋಮ್ಸ್ ಎಂದರೆ ಹೆಚ್ಚಿನವರಿಗೆ 'ಎಸ್ಕೇಪ್' ಎಂಬ ಒಂದೇ ಹಾಡು. 1979ರ ಕೊನೆಗೆ ಅಮೆರಿಕದಲ್ಲಿ ಮೊದಲ ಸ್ಥಾನಕ್ಕೇರಿದ ಹಾಡದು. ಹೋಮ್ಸ್ 1947ರಲ್ಲಿ ಇಂಗ್ಲೆಂಡಿನಲ್ಲಿ ಹುಟ್ಟಿ ಅಮೆರಿಕದಲ್ಲಿ ಬೆಳೆದವರು. ನಾಟಕ ಬರೆದರು, ಪತ್ತೇದಾರಿ ಕಾದಂಬರಿ ಬರೆದರು. ಹಾಡಿನ ಜನಕ್ಕೆ ಕಾದಂಬರಿ ಗೊತ್ತಿಲ್ಲ, ನಾಟಕದ ಜನಕ್ಕೆ ಹಾಡು ಲೆಕ್ಕಕ್ಕಿಲ್ಲ. (ಜಾಸೂಸಿ ಕಾದಂಬರಿಗಳ ಇಬ್ನೆ ಸಫಿ 'ಅಸ್ರಾರ್ ನಾರ್ವಿ' ಎಂಬ ಹೆಸರಿನಲ್ಲಿ ಗಜಲ್ ಬರೆದುದನ್ನು ಉರ್ದುವಿನಲ್ಲಿ ಎಷ್ಟು ಜನ ನೆನೆಯುತ್ತಾರೆ?) ಕತೆ ಬರೆಯುವ ನಮಗೆ ಮಾತ್ರ ಇವೆಲ್ಲ ಒಂದೇ ಕೈಯ ಕೆಲಸವಾಗಿ ಕಾಣುತ್ತವೆ.

'ಎಸ್ಕೇಪ್' ಸ್ವತಃ ಒಂದು ಸಣ್ಣಕತೆ. ಸಂಗಾತಿಯ ಮೇಲೆ ಬೇಸರ ಬಂದವನು ಪತ್ರಿಕೆಯ ಜಾಹೀರಾತಿಗೆ ಗುಟ್ಟಾಗಿ ಉತ್ತರಿಸುತ್ತಾನೆ. ಭೇಟಿಗೆ ಬಂದವಳು ಅದೇ ಸಂಗಾತಿ! ಇಬ್ಬರೂ ನಕ್ಕುಬಿಡುತ್ತಾರೆ. ನಮ್ಮ ತಕರಾರು ಇಲ್ಲೇ. ಪರಸ್ಪರ ವಂಚಿಸಲು ಹೊರಟವರ ಗಾಯವನ್ನು ಕತೆಯ ತಿರುವು ಮುಚ್ಚಿಹಾಕುತ್ತದೆ. ಅದಕ್ಕಿಂತ 1971ರಲ್ಲಿ ಜನಪ್ರಿಯವಾದ 'ಟಿಮೊತಿ' ವಾಸಿ. ಕುಸಿದ ಗಣಿಯಲ್ಲಿ ಮೂವರು ಸಿಲುಕುತ್ತಾರೆ, ಹೊರಬರುವವರು ಇಬ್ಬರೇ, ಅವರಿಗೆ ಹಸಿವಿಲ್ಲ. ಉಳಿದದ್ದನ್ನು ಕೇಳುಗನೇ ಊಹಿಸಿಕೊಂಡು ಬೆಚ್ಚಬೇಕು. ನಿಷೇಧವಾದರೆ ಸುದ್ದಿಯಾದೀತು ಎಂದೇ ಹೋಮ್ಸ್ ಅದನ್ನು ಬರೆದದ್ದು. ಕೆಲವು ರೇಡಿಯೋ ಕೇಂದ್ರಗಳು ನಿಷೇಧಿಸಿಯೂ ಬಿಟ್ಟವು.

ಕಾದಂಬರಿಗೆ ಅವರು ತಡವಾಗಿ ಬಂದರು. 'ವೇರ್ ದ ಟ್ರೂತ್ ಲೈಸ್' (2003) ಹಾಸ್ಯನಟರ ಜೋಡಿಯೊಂದರ ಹಳೆಯ ಗುಟ್ಟನ್ನು ಪತ್ರಕರ್ತೆಯೊಬ್ಬಳು ಕೆದಕುವ ಕತೆ. ಆದರೆ ಅವರ ನಿಜವಾದ ಎತ್ತರ ಕಾಣುವುದು 1985ರ 'ದ ಮಿಸ್ಟರಿ ಆಫ್ ಎಡ್ವಿನ್ ಡ್ರೂಡ್' ಸಂಗೀತ ನಾಟಕದಲ್ಲಿ. ಡಿಕನ್ಸ್ ಆ ಕಾದಂಬರಿಯನ್ನು ಅರ್ಧಕ್ಕೇ ಬಿಟ್ಟು 1870ರಲ್ಲಿ ತೀರಿಕೊಂಡ. ಮಾತು, ಹಾಡು, ರಾಗ ಎಲ್ಲವನ್ನೂ ಹೋಮ್ಸ್ ಒಬ್ಬರೇ ಬರೆದರು. 1986ರ ಟೋನಿ ಪ್ರಶಸ್ತಿಗಳು ಕೈಸೇರಿದವು. ಮುಕ್ತಾಯವನ್ನು ಮಾತ್ರ ಪ್ರೇಕ್ಷಕರಿಗೇ ಬಿಟ್ಟರು. ಕೊಲೆಗಾರ ಯಾರೆಂದು ಪ್ರತಿ ರಾತ್ರಿ ಮತ ಬೀಳುತ್ತದೆ.

ಸಾಕ್ಷಿ ನೋಡಿ ಮತ ಹಾಕುವವರು ಎಷ್ಟು ಮಂದಿಯೋ! ಮೆಚ್ಚಿದ ನಟನ ಬಾಯಲ್ಲಿ ಇನ್ನೊಂದು ಹಾಡು ಕೇಳುವ ಆಸೆಗೇ ಕೈ ಎತ್ತುವವರಿರುತ್ತಾರೆ. ಶಂಕಿತರಲ್ಲಿ ನೆವಿಲ್ ಲ್ಯಾಂಡ್‌ಲೆಸ್ ಎಂಬವನೊಬ್ಬನಿದ್ದಾನೆ. ಸಿಲೋನಿನಿಂದ ಬಂದ ಮುಂಗೋಪಿ ಯುವಕ. ಡಿಕನ್ಸನ ಕಾದಂಬರಿಯಲ್ಲಿ ಡ್ರೂಡ್ ಕಾಣೆಯಾದ ಕೂಡಲೇ ಊರಿನವರ ಬೆರಳು ಹೊರಗಿನಿಂದ ಬಂದ ಇವನತ್ತಲೇ ತಿರುಗುತ್ತದೆ. ರಂಗದ ಮೇಲೆ ಅದು ನಗುವಿನ ಆಟ. ನಾವೂ ಇದ್ದಿದ್ದರೆ ನಗುತ್ತಿದ್ದೆವೇನೋ. ಆದರೆ ಪ್ರತಿಯೊಬ್ಬ ಶಂಕಿತನಿಗೂ ಹೋಮ್ಸ್ ಒಂದೊಂದು ತಪ್ಪೊಪ್ಪಿಗೆಯ ಹಾಡು ಬರೆದಿಟ್ಟಿದ್ದಾರೆ. ನೆವಿಲ್‌ನದೂ ಸಿದ್ಧವಿದೆ. ಮತ ಬೀಳದ ರಾತ್ರಿ ಅದು ಕೇಳಿಸುವುದಿಲ್ಲ, ಅಷ್ಟೇ.